ಮಾರಾಟವಿಲ್ಲ, ಬರೀ ಕೋವಿ ರಿಪೇರಿ: ನ್ಯೂಯಾರ್ಕ್‌ನಲ್ಲಿ ರಾಜ್ಯದ ಲೈಸೆನ್ಸ್ ಬೇಕಾ?

ನಿಮಗೆ ಅಮೆರಿಕದ ಪೌರತ್ವ ಇದೆ, ಟೆಕ್ಸಾಸ್‌ನಲ್ಲಿ ಫೆಡರಲ್ ಟೈಪ್ 01 (ಕೋವಿ ಮಾರಾಟ, ರಿಪೇರಿಯ) ಲೈಸೆನ್ಸಿನ ಮೇಲೆ ಗ್ಯಾರೇಜಿನಲ್ಲಿ ರಿಪೇರಿ ಮಾಡುತ್ತಿದ್ದೀರಿ, ಈಗ ನ್ಯೂಯಾರ್ಕ್‌ಗೆ ಹೋಗುತ್ತಿದ್ದೀರಿ. ಪಿಸ್ತೂಲು, ರಿವಾಲ್ವರ್ ಮುಟ್ಟುವುದಾದರೆ ಅಲ್ಲಿ ಬೇರೆ ಲೈಸೆನ್ಸ್ ಬೇಕೇ ಬೇಕು. (ಗ್ರೀನ್ ಕಾರ್ಡ್ ಇದ್ದರೆ ಸಾಲದು, ಈ ಲೈಸೆನ್ಸಿಗೆ ನ್ಯೂಯಾರ್ಕ್ ಕಾನೂನು ಅಮೆರಿಕದ ಪೌರತ್ವ ಕೇಳುತ್ತದೆ. ಎಚ್-1ಬಿ ಕೆಲಸದ ವೀಸಾ ಮೇಲಿರುವ ಯಾರಾದರೂ ಓದುತ್ತಿದ್ದರೆ: ನಿಮಗೆ ಸಾಮಾನ್ಯವಾಗಿ ಫೆಡರಲ್ ಹಂತದಲ್ಲೇ ಬಾಗಿಲು ಮುಚ್ಚಿರುತ್ತದೆ.)

ಟೆಕ್ಸಾಸ್‌ನಲ್ಲಿ ರಾಜ್ಯದ ಡೀಲರ್ ಲೈಸೆನ್ಸ್ ಎಂಬುದೇ ಇಲ್ಲ. ಆ ಅಭ್ಯಾಸದಲ್ಲೇ ನ್ಯೂಯಾರ್ಕ್‌ಗೆ ಹೋದವರು ಸಿಕ್ಕಿಬೀಳುತ್ತಾರೆ. ಅಲ್ಲಿನ ಪೀನಲ್ ಲಾ (ದಂಡ ಸಂಹಿತೆ) ಪ್ರಕಾರ ಕೋವಿ ಬಿಚ್ಚಿ ಜೋಡಿಸುವವನಷ್ಟೇ ಅಲ್ಲ, ದುಡ್ಡಿಗೆ ಅದನ್ನು ಸ್ವಚ್ಛ ಮಾಡುವವನು, ಪಾಲಿಶ್ ಹಾಕುವವನು, ಕೆತ್ತನೆ ಮಾಡುವವನೂ ಗನ್‌ಸ್ಮಿತ್, ಅಂದರೆ ಲೈಸೆನ್ಸ್ ಬೇಕಾದ ಕೋವಿ ಕಸುಬುದಾರ. ಹಾಗಾಗಿ ‘ನಾನು ಮಾರುವುದಿಲ್ಲ’ ಎಂಬ ವಾದ ನಿಲ್ಲುವುದಿಲ್ಲ. ಅರ್ಜಿಯನ್ನು ನಿಮ್ಮ ಮನೆ ಇರುವ ಕಡೆಯಲ್ಲ, ಅಂಗಡಿ ಇರುವ ಜಾಗದ ಲೈಸೆನ್ಸಿಂಗ್ ಆಫೀಸರಿಗೆ ಕೊಡಬೇಕು. ನ್ಯೂಯಾರ್ಕ್ ನಗರದಲ್ಲಾದರೆ ಅದು ಪೊಲೀಸ್ ಇಲಾಖೆ, ಹೆಚ್ಚಿನ ಕೌಂಟಿಗಳಲ್ಲಿ ನ್ಯಾಯಾಧೀಶರು. ಲೈಸೆನ್ಸ್ ಹೆಚ್ಚೆಂದರೆ 3 ವರ್ಷ ನಡೆಯುತ್ತದೆ.

ಎಡವುವುದು ದಿನನಿತ್ಯದ ಲೆಕ್ಕದಲ್ಲಿ. ಗಿರಾಕಿ ಕಾದು ಕೂತು ಅದೇ ದಿನ ಕೋವಿ ತೆಗೆದುಕೊಂಡು ಹೋದರೆ ಎಟಿಎಫ್ (ಫೆಡರಲ್ ಕೋವಿ ಲೈಸೆನ್ಸ್ ಕೊಡುವ ಸಂಸ್ಥೆ) ಇಡಲು ಹೇಳುವ ಪುಸ್ತಕದಲ್ಲಿ ಬರೆಯಬೇಕಿಲ್ಲ. ರಾತ್ರಿ ನಿಮ್ಮಲ್ಲೇ ಉಳಿದರೆ ಬರೆಯಬೇಕು. ತಂದುಕೊಟ್ಟವರಿಗೇ ಹಿಂತಿರುಗಿಸುವಾಗ ಕೋವಿ ಪಡೆಯುವವರು ತುಂಬುವ ಫೆಡರಲ್ ಫಾರ್ಮ್ 4473 ಬೇಡ, ಹಿನ್ನೆಲೆ ತಪಾಸಣೆಯೂ ಬೇಡ. ಗಂಡ ಕೊಟ್ಟದ್ದನ್ನು ಹೆಂಡತಿ ಒಯ್ಯಲು ಬಂದರೆ ಮಾತ್ರ ಎರಡೂ ಬೇಕು. ಇದಿಷ್ಟೂ ಫೆಡರಲ್ ಸಡಿಲಿಕೆ, ನ್ಯೂಯಾರ್ಕ್‌ನಲ್ಲಿ ಇದನ್ನೇ ನಂಬಿ ಕೂರುವ ಹಾಗಿಲ್ಲ. ಅಲ್ಲಿ ಪ್ರತಿ ವಹಿವಾಟನ್ನೂ ಅದು ನಡೆದ ಹೊತ್ತಿಗೇ ರಾಜ್ಯದ ದಾಖಲೆ ಪುಸ್ತಕಕ್ಕೆ ಹತ್ತಿಸಬೇಕು: ತಾರೀಖು, ಕೊಟ್ಟವರ ಅಥವಾ ಪಡೆದವರ ಹೆಸರು, ವಯಸ್ಸು, ಉದ್ಯೋಗ, ವಿಳಾಸ, ಕೋವಿಯ ಕ್ಯಾಲಿಬರ್, ಮೇಕ್, ಮಾಡೆಲ್, ತಯಾರಕರು, ಸೀರಿಯಲ್ ನಂಬರ್. ಕೈಗೆ ಕೊಡುವ ಮುಂಚೆ ಅವರ ಪಿಸ್ತೂಲ್ ಲೈಸೆನ್ಸ್ ನೋಡಲೇಬೇಕು, ಎಷ್ಟೇ ಹಳೆಯ ಗಿರಾಕಿಯಾಗಿರಲಿ.

ಮುಂದೆ ಮಾರಾಟಕ್ಕೂ ಇಳಿಯುವ ಆಲೋಚನೆ ಇದ್ದರೆ ಖರ್ಚು ಬೇರೆಯೇ. 2022ರ ಡಿಸೆಂಬರಿನಿಂದ ಜಾರಿಯಲ್ಲಿರುವ ನಿಯಮದಂತೆ ಅಂಗಡಿ ಮುಚ್ಚಿದ ಮೇಲೆ ಕೋವಿಗಳು ಬೆಂಕಿ ತಡೆಯುವ ಸೇಫ್‌ನಲ್ಲೋ ವಾಲ್ಟ್‌ನಲ್ಲೋ ಬೀಗದಡಿ ಇರಬೇಕು, ಕ್ಯಾಮೆರಾ ರೆಕಾರ್ಡಿಂಗ್ 2 ವರ್ಷ ಉಳಿಸಬೇಕು. ಇನ್ನು ಫ್ರೇಮ್ (ಕೋವಿಯ ಮುಖ್ಯ ಚೌಕಟ್ಟು) ಕೊಂಡು ಜೋಡಿಸಿ ಮಾರುವುದು ರಿಪೇರಿಯಲ್ಲ, ತಯಾರಿಕೆ. ಅದಕ್ಕೆ ಫೆಡರಲ್ ಟೈಪ್ 07, ಅಂದರೆ ತಯಾರಕರ ಲೈಸೆನ್ಸ್ ಬೇಕು.

ನನ್ನ ಸಲಹೆ, ಮೊದಲು ಯಾವ ಜಾಗದಲ್ಲಿ ಯಾವ ಕಸುಬು ನಡೆಸಬಹುದೆಂದು ತೀರ್ಮಾನಿಸುವ ಸ್ಥಳೀಯ ಝೋನಿಂಗ್ ಕಚೇರಿಗೆ ಹೋಗಿ, ಆ ವಿಳಾಸದಲ್ಲಿ ಈ ಕಸುಬು ನಡೆಸಬಹುದೇ ಎಂದು ಬರಹದಲ್ಲಿ ಪಡೆಯಿರಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯೂ ಬೇಕು. ಸ್ಥಳೀಯ ಕಾನೂನು ಬೇಡವೆಂದ ಜಾಗಕ್ಕೆ ಎಟಿಎಫ್ ಲೈಸೆನ್ಸ್ ಕೊಡುವುದಿಲ್ಲ. ಆಮೇಲೆ ರಾಜ್ಯದ ಅರ್ಜಿ. ವಿಳಾಸ ಬದಲಾವಣೆಯ ಎಟಿಎಫ್ ಫಾರ್ಮ್ 5300.38ನ್ನು ಸ್ಥಳಾಂತರಕ್ಕೆ ಕನಿಷ್ಠ 30 ದಿನ ಮೊದಲು ಕಳಿಸಿ, ಮಂಜೂರಾಗುವ ತನಕ ಹೊಸ ಜಾಗದಲ್ಲಿ ಒಂದು ಸ್ಕ್ರೂವನ್ನೂ ತಿರುಗಿಸಬೇಡಿ.

ಅಂದಹಾಗೆ ನಿಮ್ಮ ಸ್ವಂತ ಪಿಸ್ತೂಲುಗಳನ್ನು ಮನೆ ಸಾಮಾನಿನ ಜೊತೆ ಲಾರಿಗೆ ಹಾಕಬೇಡಿ. ಅವಕ್ಕೂ ನ್ಯೂಯಾರ್ಕ್ ಲೈಸೆನ್ಸ್ ಬೇಕು, ಟೆಕ್ಸಾಸ್ ಪರ್ಮಿಟ್ ಅಲ್ಲಿ ನಡೆಯುವುದಿಲ್ಲ.