ಬೀಳುವ ಹಲ್ಲು ತಾನೇ, ಕೀಳಿಸಿದರೇನು?

ಪ್ರಶ್ನೆ: ಮಗನಿಗೆ ಏಳು ವರ್ಷ. ಕೆಳಗಿನ ಹಿಂದಿನ ಹಾಲುಹಲ್ಲು ಹುಳುಕಾಗಿ ರಾತ್ರಿ ನೋವೆಂದು ಅಳುತ್ತಾನೆ. ಹೇಗೂ ಬೀಳುವ ಹಲ್ಲು, ಕೀಳಿಸಿಬಿಡಿ ಎನ್ನುತ್ತಾರೆ ಮನೆಯ ಹಿರಿಯರು. ಹೊಸದಾಗಿ ಬಂದ ಮುಂದಿನ ಹಲ್ಲುಗಳೂ ಹಳದಿ, ಅಂಚು ಗರಗಸದಂತಿದೆ. ಅವೂ ಕೆಟ್ಟಿವೆಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಮುಂದಿನ ಹಲ್ಲುಗಳ ಬಗ್ಗೆ ಚಿಂತೆ ಬೇಡ. ಶಾಶ್ವತ ಹಲ್ಲಿನ ಎನಾಮಲ್, ಅಂದರೆ ಗಟ್ಟಿ ಹೊರಪದರದ ಮೂಲಕ ಒಳಗಿನ ಹಳದಿ ಪದರ ಡೆಂಟಿನ್ ಕಾಣುತ್ತದೆ. ಪಕ್ಕದಲ್ಲಿ ಸುಣ್ಣದಂತೆ ಬಿಳುಪಾದ ಹಾಲುಹಲ್ಲು ಇರುವುದರಿಂದ ಆ ಹಳದಿ ಎದ್ದು ತೋರುತ್ತದೆ. ಅಂಚಿನ ಮೂರು ಗುಬುಟುಗಳು ಕಚ್ಚಿ ಕಚ್ಚಿ ಸವೆಯುತ್ತವೆ.

ದವಡೆ ಹಲ್ಲಿನ ವಿಷಯಕ್ಕೆ ಮಾತ್ರ ತಡಮಾಡಬೇಡಿ. ಹಾಲುಹಲ್ಲಿನ ಎನಾಮಲ್ ಸುಮಾರು 1 ಮಿ.ಮೀ., ಶಾಶ್ವತ ದವಡೆ ಹಲ್ಲಿನದರ ಅರ್ಧದಷ್ಟು. ಒಳಗಿನ ತಿರುಳು, ಅಂದರೆ ನರ ಮತ್ತು ರಕ್ತನಾಳಗಳಿರುವ ಭಾಗ, ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಅದರ ಕೊಂಬುಗಳು ಮೇಲಿನ ಗುಬುಟಿನ ಹತ್ತಿರದವರೆಗೂ ಚಾಚಿರುತ್ತವೆ. ಹಾಗಾಗಿ ಮೇಲೆ ಸಾಸಿವೆಯಷ್ಟು ಕಪ್ಪು ಕಂಡರೂ ಹುಳುಕು ತಿರುಳು ಮುಟ್ಟಿರಬಹುದು. ರಾತ್ರಿ ತಾನಾಗಿ ನೋಯುವುದು ಅದರದೇ ಲಕ್ಷಣ. ಹಾಲು ದವಡೆ ಹಲ್ಲುಗಳೆರಡು ಅಗಲವಾಗಿ ಅಂಟಿಕೊಂಡಿರುವುದರಿಂದ ನಡುವಿನ ಹುಳುಕು ಕಣ್ಣಿಗೆ ಬೀಳುವುದಿಲ್ಲ, ಎಕ್ಸ್‌ರೇ ಬೇಕು.

ಆ ಎಕ್ಸ್‌ರೇಯನ್ನು ನೀವೂ ನೋಡಿ. ಹಾಲು ದವಡೆಯ ಬೇರುಗಳು ಇಕ್ಕಳದ ಕಾಲುಗಳಂತೆ ಅಗಲಿರುತ್ತವೆ. ಆ ಕಾಲುಗಳ ನಡುವೆ ಶಾಶ್ವತ ಹಲ್ಲಿನ ಮೊಳಕೆ ಕುಳಿತಿರುತ್ತದೆ. ತಿರುಳು ಕೊಳೆತರೆ ಕೀವು ಇಳಿಯುವುದೂ ಅಲ್ಲಿಗೇ. ಮೊಳಕೆಗೆ ಪೆಟ್ಟಾದರೆ ಮುಂದೆ ಬರುವ ಹಲ್ಲು ಕಂದು ಕಲೆ, ಗುಳಿಗಳೊಂದಿಗೇ ಹುಟ್ಟುತ್ತದೆ.

ಹಾಗೆಂದು ಕೀಳಿಸಿದರೆ ಜಾಗ ಹೋಗುತ್ತದೆ. ಎರಡನೇ ಹಾಲು ದವಡೆ ಬೀಳುವುದು 10–12ನೇ ವರ್ಷಕ್ಕೆ. ಈಗಲೇ ಕಿತ್ತರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ, ಬರಬೇಕಾದ ಹಲ್ಲಿಗೆ ದಾರಿಯೇ ಇರುವುದಿಲ್ಲ.

ಮೇಲ್ಭಾಗದ ತಿರುಳಷ್ಟೇ ಕೆಟ್ಟಿದ್ದರೆ ಅದನ್ನು ತೆಗೆದು, ಔಷಧಿ ಇಟ್ಟು, ಸ್ಟೀಲ್ ಕ್ಯಾಪ್ ಹಾಕುತ್ತಾರೆ. ಬೇರಿನವರೆಗೆ ಕೆಟ್ಟಿದ್ದರೆ ಬೇರು ಶುಚಿ ಮಾಡಿ ಪೇಸ್ಟ್ ತುಂಬುತ್ತಾರೆ. ಬೇರಿನ ಜೊತೆಗೇ ಕರಗುವ ಪೇಸ್ಟೇ ಆಗಬೇಕು. ದೊಡ್ಡವರ ರೂಟ್ ಕೆನಾಲ್‌ಗೆ ಬಳಸುವ ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತು ಕರಗದೆ ಉಳಿದು ಹೊಸ ಹಲ್ಲಿಗೆ ಅಡ್ಡವಾಗುತ್ತದೆ. ಬೇರು, ಮೂಳೆ ತೀರಾ ಹಾಳಾಗಿದ್ದರೆ ಮಾತ್ರ ಕೀಳಿಸಿ. ಜಾಗ ಕಾಯುವ ತಂತಿ, ಅಂದರೆ ಸ್ಪೇಸ್ ಮೇಂಟೇನರ್, ಹಾಕಬೇಕೇ ಎಂದು ಅಂದೇ ಕೇಳಿ. ಮುಖ ಊದಿದರೆ, ಜ್ವರ ಬಂದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ.

ಇನ್ನೊಂದು: ನಡುವಿನಿಂದ ಎಣಿಸಿದರೆ ಒಂದು ಬದಿಗೆ ಹಾಲುಹಲ್ಲಿನ ಜಾಗ ಐದೇ. ಆರನೆಯದು, ಯಾವ ಹಲ್ಲೂ ಬೀಳದೆ ಹಿಂದೆ ಬಂದದ್ದು, ಶಾಶ್ವತ ಹಲ್ಲು. ಎಷ್ಟೋ ಮನೆಗಳಲ್ಲಿ ಇದನ್ನೂ ಹಾಲುಹಲ್ಲೆಂದೇ ಬಿಟ್ಟು ಕಳೆದುಕೊಳ್ಳುತ್ತಾರೆ. ಪೂರ್ತಿ ಮೇಲೆ ಬರುವವರೆಗೆ ಅದು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುತ್ತದೆ, ಬ್ರಷ್ ನೇರ ಹಿಡಿದರೆ ತಾಗುವುದೇ ಇಲ್ಲ. ಕೆನ್ನೆಯ ಕಡೆಯಿಂದ ಅಡ್ಡಕ್ಕೆ ಹಿಡಿದು, ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ, ರಾತ್ರಿ ನೀವೇ ಉಜ್ಜಿಸಿ.