ಗಾರ್ಡ್ ಕೈತಪ್ಪಿದ ಮೇಲೆ

ಪ್ರಶ್ನೆ: ಗರಡಿಯಲ್ಲಿ ಕುಸ್ತಿ ಕಲಿತ ನಾನು ಈಗ ಬೆಂಗಳೂರಿನಲ್ಲಿ ಬ್ರೆಜಿಲಿಯನ್ ಜಿಯು-ಜಿಟ್ಸು ಅಭ್ಯಾಸ ಮಾಡುತ್ತಿದ್ದೇನೆ. ಎದುರಾಳಿ ನನ್ನ ಕಾಲುಗಳನ್ನು ದಾಟಿ ಸೈಡ್ ಕಂಟ್ರೋಲ್‌ಗೆ (ಪಕ್ಕದಿಂದ ಎದೆಯ ಮೇಲೆ ಅಡ್ಡಲಾಗಿ ಒರಗಿ ಒತ್ತುವ ಹಿಡಿತಕ್ಕೆ) ಬಂದನೆಂದರೆ ಮತ್ತೆ ಗಾರ್ಡ್ (ಕೆಳಗಿದ್ದು ಕಾಲುಗಳಿಂದ ಎದುರಾಳಿಯನ್ನು ತಡೆಯುವ ಭಂಗಿ) ಕಟ್ಟಿಕೊಳ್ಳಲು ಆಗುವುದೇ ಇಲ್ಲ. ಕೈಯಿಂದ ತಳ್ಳಿ ತಳ್ಳಿ ದಣಿದು, ಕೊನೆಗೆ ಬೋರಲು ಹೊರಳಿ ಕತ್ತು ಒಪ್ಪಿಸುತ್ತೇನೆ. ಪರಿಹಾರವೇನು?

ಉತ್ತರ: ಬೋರಲು ಹೊರಳುವುದು ಗರಡಿಯಿಂದ ಬಂದ ಅಭ್ಯಾಸ. ಬೆನ್ನು ಮಣ್ಣಿಗೆ ತಾಗಿದರೆ ಸೋಲೆಂಬ ನಿಯಮದಲ್ಲಿ ಪಳಗಿದ ಮೈ, ಅಂಗಾತ ಬಿದ್ದೊಡನೆ ತಾನಾಗಿಯೇ ಹೊಟ್ಟೆಯ ಮೇಲೆ ತಿರುಗುತ್ತದೆ. ಇಲ್ಲಿ ಆ ಜಾಣತನ ದುಬಾರಿ. ಐಬಿಜೆಜೆಎಫ್ (ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿಟ್ಸು ಒಕ್ಕೂಟ) ನಿಯಮದಂತೆ ಗಾರ್ಡ್ ದಾಟಿದವರಿಗೆ 3 ಅಂಕವಾದರೆ, ಎರಡೂ ಕಾಲುಗಳನ್ನು ಕೊಕ್ಕೆಯಂತೆ ಒಳಗೆ ಹಾಕಿ ಬೆನ್ನು ಹಿಡಿದವರಿಗೆ 4. ತಿರುಗುವುದಾದರೆ ಎದುರಾಳಿಯ ಕಡೆಗೇ ತಿರುಗಿ.

ಇನ್ನು ತಳ್ಳುವ ವಿಚಾರ. ಚಾಚಿದ ತೋಳು ಬೇಗ ಸೋಲುವುದಲ್ಲದೆ ಮೊಣಕೈ ಕೀಲನ್ನು ಹಿಂದಕ್ಕೆ ಬಗ್ಗಿಸುವ ಆರ್ಮ್‌ಬಾರ್ ಪಟ್ಟಿಗೂ ಸಿಕ್ಕಿಬೀಳುತ್ತದೆ. ಅದರ ಬದಲು ಎದುರಾಳಿಯ ಪಕ್ಕದಲ್ಲಿರುವ ಕೈಯ ಮುಂಗೈಯನ್ನು ಅವನ ಸೊಂಟಕ್ಕೂ, ಆಚೆ ಕೈಯ ಮುಂಗೈಯನ್ನು ಅವನ ಕುತ್ತಿಗೆಗೂ ಅಡ್ಡಲಾಗಿ ಇಟ್ಟು, ಮೊಣಕೈಗಳನ್ನು ಮೈಗೆ ಹತ್ತಿರವಾಗಿಯೇ ಉಳಿಸಿಕೊಳ್ಳಿ. ಈ ಫ್ರೇಮ್‌ನ ಕೆಲಸ ಅವನನ್ನು ಎತ್ತುವುದಲ್ಲ, ಅವನಿದ್ದಲ್ಲೇ ತಡೆಯುವುದು, ಸರಿಯಬೇಕಾದವರು ನೀವು. ಮೊದಲು ಸೊಂಟವನ್ನು ಮೇಲಕ್ಕೆ ಎಸೆದು ಬ್ರಿಡ್ಜ್ ಮಾಡಿ, ಅವನು ಭಾರವನ್ನು ಸರಿಪಡಿಸಿಕೊಳ್ಳುವ ಆ ಗಳಿಗೆಯಲ್ಲೇ ಶ್ರಿಂಪ್ ಮಾಡಿ ಸೊಂಟವನ್ನು ಹಿಂದಕ್ಕೆ ಎಳೆದುಕೊಂಡು, ತೆರೆದ ಜಾಗದಲ್ಲಿ ಕೆಳಗಿನ ಮೊಣಕಾಲನ್ನು ನಿಮ್ಮ ಮೊಣಕೈಯ ಕಡೆಗೆ ನುಗ್ಗಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಸೊಂಟ ಸರಿದ ಕೂಡಲೇ ಫ್ರೇಮ್ ಬಿಟ್ಟುಬಿಡುತ್ತಾರೆ, ಎದುರಾಳಿ ಹಿಂದೆಯೇ ಬಂದು ಜಾಗವನ್ನು ಮತ್ತೆ ಮುಚ್ಚುತ್ತಾನೆ. ಒಂದು ಶ್ರಿಂಪ್ ಸಾಲದಿದ್ದರೆ ಫ್ರೇಮ್ ಬಿಡದೆ ಇನ್ನೊಂದು ಮಾಡಿ.

ಮೊಣಕಾಲು ಪೂರ್ತಿ ಒಳಗೆ ಬಾರದಿದ್ದರೆ ಅವನ ಒಂದು ಕಾಲನ್ನಾದರೂ ಸಿಕ್ಕಿಸಿಕೊಂಡು ಹಾಫ್ ಗಾರ್ಡ್‌ನಲ್ಲಿ ನಿಲ್ಲಿ. ಇದನ್ನು ಅರೆಸೋಲೆಂದು ತಿಳಿಯಬೇಕಿಲ್ಲ. ಮೊಣಕಾಲಿನ ಗಾಯದ ಕಾರಣದಿಂದ ಈ ಭಂಗಿಯನ್ನೇ ನೆಚ್ಚಿಕೊಂಡ ಬ್ರೆಜಿಲ್‌ನ ರಾಬರ್ಟೊ ಗೊರ್ಡೊ ಕೊರೆಯಾ ಅದನ್ನು ದಾಳಿಯ ನೆಲೆಯಾಗಿ ಬೆಳೆಸಿದರು. ಅಲ್ಲಿ ಮಗ್ಗುಲಾಗಿ ಮಲಗಿ ಅಂಡರ್‌ಹುಕ್ (ಅವನ ಕಂಕುಳಡಿಯಿಂದ ತೋಳು ತೂರಿಸಿದ ಹಿಡಿತ) ಗಳಿಸುವುದು ಮುಖ್ಯ; ಅಂಗಾತ ಒತ್ತಿಸಿಕೊಂಡು ಮಲಗಿದರೆ ಮಾತ್ರ ಅದು ನಿಜಕ್ಕೂ ಅರೆಸೋಲೇ.

ಇಷ್ಟೆಲ್ಲ ಹೇಳಿದರೂ, ಎದುರಾಳಿ ನೆಲೆ ನಿಂತ ಮೇಲೆ ಶುರುವಾಗುವ ಹೋರಾಟ ಕಷ್ಟದ್ದೇ. ಅವನು ದಾಟುತ್ತಿರುವಾಗಲೇ ಫ್ರೇಮ್ ಇಟ್ಟು ಸೊಂಟ ತಿರುಗಿಸುವುದು ಎಷ್ಟೋ ಸುಲಭ. ದಾಟಿದ ಮೇಲೆ 3 ಸೆಕೆಂಡು ಹಿಡಿದಿಟ್ಟರೆ ಮಾತ್ರ ಅವನಿಗೆ ಅಂಕ ದಕ್ಕುವುದರಿಂದ, ಅಷ್ಟರೊಳಗೆ ಮೊಣಕಾಲು ಒಳಬಂದರೆ ಹೆಚ್ಚೆಂದರೆ ಒಂದು ಅಡ್ವಾಂಟೇಜ್ (ಅಂಕ ಸಮವಾದಾಗ ಲೆಕ್ಕಕ್ಕೆ ಬರುವ ಗಳಿಕೆ) ಹೋದೀತು. ಜೊತೆಗಾರರನ್ನು ಅರ್ಧ ದಾಟಿದ ಸ್ಥಿತಿಯಲ್ಲಿ ನಿಲ್ಲಿಸಿಕೊಂಡು ಅಲ್ಲಿಂದಲೇ ಆರಂಭಿಸಿ, ಗಾರ್ಡ್ ಕೂಡಿದೊಡನೆ ಬಿಟ್ಟು ಮತ್ತೆ ಆರಂಭಿಸಿ.

ಪ್ರಶ್ನೆ: ಗಾರ್ಡ್ ಮರಳಿ ಪಡೆದರೆ ಅಂಕ ಉಂಟೆ?

ಉತ್ತರ: ಇಲ್ಲ. ಗಾರ್ಡ್‌ನಿಂದ ಎದುರಾಳಿಯನ್ನು ಮಗುಚಿ ಮೇಲೆ ಬಂದರೆ ಸ್ವೀಪ್‌ಗೆ 2 ಅಂಕ. ಸೈಡ್ ಕಂಟ್ರೋಲ್‌ನ ಕೆಳಗಿನಿಂದ ನೇರವಾಗಿ ಮಗುಚಿದರೆ ಆ 2 ಅಂಕವೂ ಇಲ್ಲ. ಸ್ವೀಪ್ ಎನಿಸಲು ಅದು ಗಾರ್ಡ್ ಅಥವಾ ಹಾಫ್ ಗಾರ್ಡ್‌ನಿಂದಲೇ ಆರಂಭವಾಗಬೇಕು.