ಓದುಗರ ಪ್ರಶ್ನೆ: ಮಕ್ಕಳ ಗೋ-ಕಾರ್ಟಿನ ವೈರಿಂಗ್ ಮತ್ತು ನಿಯಂತ್ರಣ

ಪ್ರಶ್ನೆ: ಮಾನ್ಯರೇ, ಒಂಬತ್ತು ವರ್ಷದ ಮಗಳು ಮತ್ತು ಏಳು ವರ್ಷದ ಮಗನಿಗಾಗಿ ಕಬ್ಬಿಣದ ಚೌಕ ಪೈಪುಗಳಿಗೆ ವೆಲ್ಡಿಂಗ್ ಮಾಡಿಸಿ ಒಂದು ಗೋ-ಕಾರ್ಟ್ ಕಟ್ಟಿಸಿದ್ದೇನೆ. 24 ವೋಲ್ಟ್, 250 ವ್ಯಾಟ್‌ನ ಬ್ರಷ್ ಮೋಟಾರು, ಅದರ ವೇಗ ನಿಯಂತ್ರಿಸಲು ಹೊಂದುವ ಕಂಟ್ರೋಲರ್, ವೇಗ ಏರಿಸಲು ಕಾಲಿನಿಂದ ಒತ್ತುವ ಥ್ರಾಟಲ್, ಯುಪಿಎಸ್‌ಗೆ ಹಾಕುವ 12 ವೋಲ್ಟ್, 7 ಆಂಪಿಯರ್-ಅವರ್‌ನ ಎರಡು ಬ್ಯಾಟರಿ ತಂದಿದ್ದೇನೆ. ಮುಖ್ಯ ಸ್ವಿಚ್ಚಿಗೆ ಮನೆಯ ದೀಪದ ಸ್ವಿಚ್ಚನ್ನೇ ಹಾಕಬಹುದೇ? ಯಾವ ದಪ್ಪದ ವೈರು ಬೇಕು? ಜೋಡಣೆಯ ಕ್ರಮವನ್ನು ವಿವರವಾಗಿ ತಿಳಿಸಿ. – ಓದುಗರೊಬ್ಬರು, ಸಾಗರ

ಉತ್ತರ: ದೀಪದ ಸ್ವಿಚ್ಚನ್ನು ದಯವಿಟ್ಟು ಹಾಕಬೇಡಿ. ಮನೆಗೆ ಬರುವ ಎಸಿ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಸೊನ್ನೆಯನ್ನು ದಾಟುತ್ತದೆ. ಆದ್ದರಿಂದ ಸ್ವಿಚ್ಚಿನ ಒಳಗಿನ ತುದಿಗಳು ಬೇರ್ಪಡುವಾಗ ಏಳುವ ಕಿಡಿ ತಾನಾಗಿಯೇ ನಂದುತ್ತದೆ. ಬ್ಯಾಟರಿಯ ಡಿಸಿ ವಿದ್ಯುತ್ತಿಗೆ ಆ ಬಿಡುವಿಲ್ಲ. 6 ಆಂಪಿಯರಿನ ಸ್ವಿಚ್ಚಿನಲ್ಲಿ 20 ಆಂಪಿಯರ್ ಹರಿಯುತ್ತಿರುವಾಗ ಅದನ್ನು ತೆರೆದರೆ ತುದಿಗಳು ಸುಟ್ಟು, ಕರಗಿ, ಒಂದಕ್ಕೊಂದು ಅಂಟಿಕೊಳ್ಳಬಹುದು. ಆಗ ಸ್ವಿಚ್ಚು ಆಫ್ ಆದಂತೆ ಕಂಡರೂ ಗಾಡಿ ನಿಲ್ಲುವುದಿಲ್ಲ.

ಈಗ ಕ್ರಮಕ್ಕೆ ಬರೋಣ. ಎರಡೂ ಬ್ಯಾಟರಿಗಳನ್ನು ಸರಣಿಯಲ್ಲಿ, ಅಂದರೆ ಒಂದರ ಧನ ತುದಿಯನ್ನು ಇನ್ನೊಂದರ ಋಣ ತುದಿಗೆ, ಜೋಡಿಸಿ 24 ವೋಲ್ಟ್ ಪಡೆಯಿರಿ. ಎರಡೂ ಒಂದೇ ತಯಾರಿಕೆಯವು, ಒಂದೇ ವಯಸ್ಸಿನವು ಆಗಿರಲಿ. ಧನ ತುದಿಯಿಂದ ಒಂದು ಗೇಣಿನೊಳಗೆ 30 ಆಂಪಿಯರಿನ ಬ್ಲೇಡ್ ಫ್ಯೂಸ್ ಇರಬೇಕು. ವಾಹನಗಳಲ್ಲಿ ಬಳಸುವ ಈ ಫ್ಯೂಸುಗಳು ಸಾಮಾನ್ಯವಾಗಿ 32 ವೋಲ್ಟ್ ಡಿಸಿಗೆ ತಯಾರಾದವು, ನಿಮ್ಮ ಗಾಡಿಗೆ ಸರಿಹೊಂದುತ್ತವೆ. ಫ್ಯೂಸಿನ ನಂತರ ಲಾರಿಗಳಲ್ಲಿ ಹಾಕುವಂತಹ ಬ್ಯಾಟರಿ ಕಟ್-ಆಫ್ ಸ್ವಿಚ್, ಅದರ ನಂತರ ಕಾಂಟ್ಯಾಕ್ಟರ್ (ತನ್ನ ಕಾಯಿಲಿಗೆ ವಿದ್ಯುತ್ತು ಸಿಕ್ಕಾಗ ಮಾತ್ರ ಮುಖ್ಯ ದಾರಿಯನ್ನು ಕೂಡಿಸುವ ಸ್ವಿಚ್ಚು), ಆಮೇಲೆ ಕಂಟ್ರೋಲರ್, ಕೊನೆಗೆ ಮೋಟಾರು. ಫ್ಯೂಸು ಕಾಯುವುದು ವೈರನ್ನು ಎಂಬುದು ನೆನಪಿರಲಿ. ಚಕ್ರ ಎಲ್ಲಾದರೂ ಸಿಕ್ಕಿಕೊಂಡು ಮೋಟಾರು ತಿರುಗದೆ ನಿಂತಾಗ ಬ್ಯಾಟರಿಯಿಂದ ಬರುವ ಕರೆಂಟು ಕಡಿಮೆಯಿದ್ದು ಮೋಟಾರಿನೊಳಗೆ ಹರಿಯುವುದು ಹೆಚ್ಚಿರಬಹುದು, ಫ್ಯೂಸು ಹೋಗುವ ಮೊದಲೇ ಮೋಟಾರು ಸುಟ್ಟ ವಾಸನೆ ಬರಬಹುದು.

ಮುಖ್ಯ ದಾರಿಯ ವೈರು 4 ಚದರ ಮಿಲಿಮೀಟರಿನ, ಹಲವು ಎಳೆಗಳ ತಾಮ್ರದ್ದಾಗಿರಲಿ. ಹೋಗಿ ಬರುವ ದೂರ ಒಟ್ಟು 4 ಮೀಟರ್ ಎಂದಿಟ್ಟುಕೊಳ್ಳೋಣ. 1.5 ಚದರ ಮಿ.ಮೀ. ವೈರು ಹಾಕಿದರೆ 25 ಆಂಪಿಯರ್ ಹರಿಯುವಾಗ ವೈರಿನಲ್ಲೇ ಸುಮಾರು 1.2 ವೋಲ್ಟ್ ಕಳೆದುಹೋಗಿ 30 ವ್ಯಾಟ್ ಶಾಖವಾಗುತ್ತದೆ. 4 ಚದರ ಮಿ.ಮೀ. ಹಾಕಿದರೆ ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ. ತುದಿಗಳಿಗೆ ಸರಿಯಾದ ಉಪಕರಣದಿಂದ ಲಗ್ (ವೈರಿನ ತುದಿಗೆ ಕೂರಿಸುವ ಲೋಹದ ತುಂಡು) ಒತ್ತಿಸಿ. ಬರೀ ಸಾಲ್ಡರ್ ಮಾಡಿದ ತುದಿ ಗಾಡಿಯ ನಡುಕಕ್ಕೆ ಸಾಲ್ಡರ್ ಮುಗಿಯುವ ಜಾಗದಲ್ಲೇ ತುಂಡಾಗುವುದುಂಟು. ಕಬ್ಬಿಣದ ಚೌಕಟ್ಟಿನ ತೂತಿನ ಮೂಲಕ ವೈರು ಹಾಯುವಲ್ಲಿ ರಬ್ಬರ್ ಬುಶ್ ಹಾಕಲು ಮರೆಯಬೇಡಿ.

ನೀವು ಕೇಳದ, ಆದರೆ ಇಡೀ ಗಾಡಿಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ವಿಷಯವೊಂದಿದೆ. ಕಂಟ್ರೋಲರಿನೊಳಗೆ ಮೋಟಾರಿಗೆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಕೊಟ್ಟು ತಡೆಯುವ ಕೆಲಸ ಮಾಸ್ಫೆಟ್ ಎಂಬ ಬಿಡಿಭಾಗಗಳದ್ದು. ಅವು ಕೆಟ್ಟಾಗ ಹೆಚ್ಚಾಗಿ ತೆರೆದುಕೊಳ್ಳುವುದಿಲ್ಲ, ಶಾರ್ಟ್ ಆಗುತ್ತವೆ. ಆ ಕ್ಷಣದಿಂದ ಮಗು ಥ್ರಾಟಲಿನಿಂದ ಕಾಲು ತೆಗೆದರೂ, ಕಂಟ್ರೋಲರಿನ ಕೀಲಿಯನ್ನು ತಿರುಗಿಸಿದರೂ ಮೋಟಾರಿಗೆ ಪೂರ್ತಿ 24 ವೋಲ್ಟ್ ಹೋಗುತ್ತಲೇ ಇರುತ್ತದೆ. ಆದ್ದರಿಂದ ಗಾಡಿಯನ್ನು ನಿಲ್ಲಿಸುವ ವ್ಯವಸ್ಥೆ ಕಂಟ್ರೋಲರನ್ನು ನಂಬಿಕೊಂಡಿರಬಾರದು. ಅದು ಬ್ಯಾಟರಿಯ ಮುಖ್ಯ ವೈರನ್ನೇ ಕಡಿಯುವಂತಿರಬೇಕು. ಮೇಲೆ ಕಾಂಟ್ಯಾಕ್ಟರ್ ಸೇರಿಸಿದ್ದು ಇದಕ್ಕಾಗಿಯೇ. 24 ವೋಲ್ಟಿನ ಕಾಯಿಲ್ ಇರುವ, ಸತತವಾಗಿ ಹಿಡಿದಿರಬಲ್ಲ, ಡಿಸಿಗೆ ತಯಾರಾದ ಕಾಂಟ್ಯಾಕ್ಟರನ್ನೇ ಕೇಳಿ ಪಡೆಯಿರಿ. ಬೈಕಿನ ಸ್ಟಾರ್ಟರ್ ರಿಲೇ ಅಗ್ಗವಾಗಿ ಸಿಗುತ್ತದೆ. ಅದು ಕೆಲವು ಸೆಕೆಂಡುಗಳ ಕೆಲಸಕ್ಕೆ ತಯಾರಾದದ್ದು, ಸತತವಾಗಿ ಹಿಡಿದಿಟ್ಟರೆ ಕಾಯಿಲ್ ಸುಡುತ್ತದೆ.

ಕಾಯಿಲಿಗೆ ಹೋಗುವ ಸಣ್ಣ ವೈರಿನಲ್ಲಿ ಮೂರು ಸ್ವಿಚ್ಚುಗಳು ಸಾಲಾಗಿ ಇರಲಿ: ದೊಡ್ಡವರ ಬಳಿ ಉಳಿಯುವ ಕೀಲಿಯ ಸ್ವಿಚ್ಚು; ಸೀಟಿನ ಬೆನ್ನ ಹಿಂದೆ, ಜೊತೆಗೆ ಓಡುವವರ ಕೈಗೆ ಸಿಗುವ ಎತ್ತರದಲ್ಲಿ, ಒತ್ತಿದರೆ ಕಡಿಯುವ ಅಣಬೆಯಾಕಾರದ ಕೆಂಪು ಗುಂಡಿ; ಮತ್ತು ದಾರದ ತುದಿಯನ್ನು ಮಗುವಿನ ಬಟ್ಟೆಗೆ ಕ್ಲಿಪ್ಪಿನಿಂದ ಸಿಕ್ಕಿಸುವ, ಮಗು ಸೀಟಿನಿಂದ ಜಾರಿದರೆ ಕಿತ್ತುಬರುವ ಸ್ವಿಚ್ಚು. ಈ ಮೂರರಲ್ಲಿ ಯಾವುದು ಕಡಿದರೂ, ಈ ಸಣ್ಣ ವೈರೇ ತುಂಡಾದರೂ, ಕಾಂಟ್ಯಾಕ್ಟರ್ ಬಿಟ್ಟುಕೊಂಡು ಮೋಟಾರಿನ ವಿದ್ಯುತ್ತು ನಿಲ್ಲುತ್ತದೆ. ಕಾಯಿಲಿಗೆ ಅಡ್ಡಲಾಗಿ 1ಎನ್4007 ಡಯೋಡನ್ನು ಅದರ ಬಿಳಿ ಪಟ್ಟಿ ಧನ ತುದಿಯ ಕಡೆ ಬರುವಂತೆ ಹಾಕಿದರೆ ಈ ಸ್ವಿಚ್ಚುಗಳು ಕಿಡಿಯಿಂದ ಸವೆಯುವುದಿಲ್ಲ.

ಬ್ಯಾಟರಿಯ ಬಗ್ಗೆ ಒಂದು ಮಾತು. ನಿಮ್ಮ ಮೋಟಾರು ಪೂರ್ಣ ಭಾರದಲ್ಲಿ 13ರಿಂದ 14 ಆಂಪಿಯರ್ ಎಳೆಯುತ್ತದೆ. ಸೀಸ-ಆಮ್ಲ ಬ್ಯಾಟರಿಯನ್ನು ಇಷ್ಟು ವೇಗವಾಗಿ ಬರಿದು ಮಾಡಿದಾಗ ಅದರ ಮೇಲೆ ಬರೆದಿರುವ 7 ಆಂಪಿಯರ್-ಅವರ್ ಪೂರ್ತಿ ಸಿಗುವುದಿಲ್ಲ. ಒಂದೇ ಸಮನೆ ಹೀಗೆ ಓಡಿಸಿದರೆ ಅರ್ಧ ಗಂಟೆ ಬರುವುದು ಅಸಾಧ್ಯ. ಸಾಧ್ಯವಾದರೆ 12 ಆಂಪಿಯರ್-ಅವರ್‌ನವನ್ನು ಹಾಕಿ.

ಪ್ರಶ್ನೆ: ನಮ್ಮ ಗೋ-ಕಾರ್ಟ್ ಥ್ರಾಟಲ್ ಮುಟ್ಟಿದೊಡನೆ ಜಿಗಿಯುತ್ತದೆ, ವೇಗವೂ ಎಂಟು ವರ್ಷದ ಹುಡುಗನಿಗೆ ಹೆಚ್ಚಾಯಿತು. ಥ್ರಾಟಲಿನ ಸಿಗ್ನಲ್ ವೈರಿಗೆ ಒಂದು ರೆಸಿಸ್ಟರ್ ಮತ್ತು ಕೆಪಾಸಿಟರ್ ಹಾಕಿದರೆ ನಿಧಾನವಾಗಿ ವೇಗ ಏರುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಸರಿಯೇ? – ಓದುಗರೊಬ್ಬರು, ಪುತ್ತೂರು

ಉತ್ತರ: ವೇಗ ನಿಧಾನವಾಗಿ ಏರುತ್ತದೆ ಎಂಬುದು ನಿಜ. ಆದರೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಅದೇ ಕೆಪಾಸಿಟರ್ ಕಾಲು ತೆಗೆದಾಗಲೂ ನಿಧಾನವಾಗಿಯೇ ಖಾಲಿಯಾಗುತ್ತದೆ. 10 ಕಿಲೋ-ಓಮ್ ಮತ್ತು 100 ಮೈಕ್ರೋಫ್ಯಾರಡ್ ಹಾಕಿದರೆ ಮಗು ಕಾಲೆತ್ತಿದ ಬಳಿಕವೂ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಮೋಟಾರು ಎಳೆಯುತ್ತಲೇ ಇರಬಹುದು. ಗಂಟೆಗೆ 14 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡೆಂದರೆ ಸುಮಾರು 4 ಮೀಟರ್. ಅಡಿಕೆ ಒಣಗಿಸುವ ಅಂಗಳದಲ್ಲಿ ಅಷ್ಟು ದೂರದೊಳಗೆ ಕಟ್ಟೆಯೋ ಕಂಬವೋ ಎದುರಾಗುತ್ತದೆ. ಈ ಉಪಾಯವನ್ನು ಮಕ್ಕಳ ಗಾಡಿಗೆ ನಾನು ಒಪ್ಪುವುದಿಲ್ಲ. ಮೆದುವಾಗಿ ಹೊರಡುವ ಗುಣವನ್ನು ತನ್ನಲ್ಲೇ ಹೊಂದಿದ, ಕಾಲು ತೆಗೆದೊಡನೆ ಬಿಡುವ ಕಂಟ್ರೋಲರುಗಳು ಸಿಗುತ್ತವೆ, ಅಂಥದ್ದನ್ನು ಹಾಕಿ. ಪೆಡಲಿನ ತೋಳನ್ನು ಉದ್ದ ಮಾಡಿಸಿದರೂ ಜಿಗಿತ ಸಾಕಷ್ಟು ತಗ್ಗುತ್ತದೆ. ಪೆಡಲಿನ ಕೆಳಗೆ ತಡೆಯಾಗಿ ಒಂದು ಬೋಲ್ಟ್ ನಿಲ್ಲಿಸಿದರೆ ಮಗು ಎಷ್ಟು ಒತ್ತಿದರೂ ಅದು ಅಲ್ಲಿಗೇ ನಿಲ್ಲುತ್ತದೆ.

ಗರಿಷ್ಠ ವೇಗವನ್ನು ಇಳಿಸಲು ಎಲ್ಲಕ್ಕಿಂತ ಒಳ್ಳೆಯ ದಾರಿ ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಚಕ್ರ) ಬದಲಿಸುವುದು. ಮೋಟಾರು ನಿಮಿಷಕ್ಕೆ 2700 ಸುತ್ತು ತಿರುಗುತ್ತದೆ, ಅದರ ಸ್ಪ್ರಾಕೆಟಿಗೆ 9 ಹಲ್ಲು, ಹಿಂಚಕ್ರದ ವ್ಯಾಸ 25 ಸೆಂಟಿಮೀಟರ್ ಎಂದುಕೊಂಡರೆ, ಹಿಂದಿನ ಸ್ಪ್ರಾಕೆಟಿಗೆ 54 ಹಲ್ಲಿದ್ದಾಗ ವೇಗ ಗಂಟೆಗೆ ಸುಮಾರು 21 ಕಿಲೋಮೀಟರ್. ಅದನ್ನು 80 ಹಲ್ಲಿನದಕ್ಕೆ ಬದಲಿಸಿದರೆ ಸುಮಾರು 14. ವೇಗ ಇಳಿದಷ್ಟೂ ಎಳೆಯುವ ಬಲ ಹೆಚ್ಚುತ್ತದೆ, ಏರಿನಲ್ಲಿ ಕಂಟ್ರೋಲರ್ ಕಡಿಮೆ ಬಿಸಿಯಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮೇಲಿನ ಉತ್ತರದಲ್ಲಿ ಹೇಳಿದಂತೆ ಕಂಟ್ರೋಲರ್ ಶಾರ್ಟ್ ಆದರೂ ಸಮತಟ್ಟಾದ ಅಂಗಳದಲ್ಲಿ ಗಾಡಿ ಈ ಮಿತಿಯನ್ನು ಹೆಚ್ಚು ಮೀರಲಾರದು. ಸಿಗ್ನಲ್ ವೈರಿನಲ್ಲಿ ಪೊಟೆನ್ಷಿಯೋಮೀಟರ್ (ತಿರುಗಿಸಿ ಹೊಂದಿಸಬಹುದಾದ ರೆಸಿಸ್ಟರ್) ಹಾಕಿ ವೇಗ ತಗ್ಗಿಸುವುದೂ ಸಾಧ್ಯ, ಆದರೆ ಆ ಮಿತಿ ಕಂಟ್ರೋಲರ್ ಸರಿಯಾಗಿರುವವರೆಗೆ ಮಾತ್ರ.

ಥ್ರಾಟಲಿನ ಮೂರು ವೈರುಗಳಲ್ಲಿ ಕೆಂಪು 5 ವೋಲ್ಟ್, ಕಪ್ಪು ಋಣ, ಮೂರನೆಯದು ಸಿಗ್ನಲ್. ಕಾಲಿಡದಿದ್ದಾಗ ಸಿಗ್ನಲಿನಲ್ಲಿ ಸುಮಾರು 0.8 ವೋಲ್ಟ್, ಪೂರ್ತಿ ಒತ್ತಿದಾಗ 4 ವೋಲ್ಟಿನ ಆಸುಪಾಸು ಇರುತ್ತದೆ. ಮಲ್ಟಿಮೀಟರ್ ಹಿಡಿದು ನೋಡಿಕೊಳ್ಳಿ. ಕಪ್ಪು ವೈರು ಕಿತ್ತುಹೋದರೆ ಸಿಗ್ನಲ್ 5 ವೋಲ್ಟಿನತ್ತ ಏರಿ, ದೋಷ ಪತ್ತೆಹಚ್ಚುವ ವ್ಯವಸ್ಥೆಯಿಲ್ಲದ ಕಂಟ್ರೋಲರ್ ಅದನ್ನು ಪೂರ್ಣ ವೇಗದ ಆದೇಶವೆಂದೇ ತಿಳಿಯಬಹುದು. ಮಕ್ಕಳನ್ನು ದೂರ ಕಳಿಸಿ, ಗಾಡಿಯನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಹಿಂಚಕ್ರ ನೆಲಕ್ಕೆ ತಾಗದಂತೆ ನಿಲ್ಲಿಸಿ, ಸ್ವಿಚ್ ಆಫ್ ಮಾಡಿ ಕಪ್ಪು ವೈರೊಂದನ್ನೇ ಬಿಡಿಸಿ, ಮತ್ತೆ ಆನ್ ಮಾಡಿ. ಚಕ್ರ ತಿರುಗಿದರೆ ಆ ಕಂಟ್ರೋಲರನ್ನು ಹಿಂದಿರುಗಿಸಿ. ಹಾಗೆಯೇ ಚಕ್ರ ಪೂರ್ಣ ವೇಗದಲ್ಲಿ ತಿರುಗುತ್ತಿರುವಾಗ ಕೆಂಪು ಗುಂಡಿ ಒತ್ತಿ, ಕಾಂಟ್ಯಾಕ್ಟರ್ ಟಕ್ಕೆಂದು ಬಿಡುವುದನ್ನು ಕಿವಿಯಾರೆ ಕೇಳಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಸ್ಕೂಟರಿನಲ್ಲಿರುವಂತೆ ಗಾಡಿಯ ಚೌಕಟ್ಟನ್ನೇ ಋಣ ತಂತಿಯಾಗಿ ಬಳಸಬಹುದೇ? – ಓದುಗರೊಬ್ಬರು, ಹಾಸನ

ಉತ್ತರ: ಬೇಡ. ಚೌಕಟ್ಟಿಗೆ ಯಾವ ತುದಿಯೂ ತಾಗದಿದ್ದರೆ, ಧನ ವೈರಿನ ಹೊದಿಕೆ ಎಲ್ಲೋ ಒಂದೆಡೆ ಸುಲಿದು ಕಬ್ಬಿಣಕ್ಕೆ ತಗುಲಿದರೂ ಅನಾಹುತವಾಗುವುದಿಲ್ಲ. ಚೌಕಟ್ಟೇ ಋಣವಾಗಿದ್ದರೆ ಆ ಒಂದು ಗಾಯವೇ ಪೂರ್ತಿ ಶಾರ್ಟ್ ಆಗುತ್ತದೆ.

ಪ್ರಶ್ನೆ: ನಮ್ಮ ಮನೆಯ ದಾರಿ ಇಳಿಜಾರು. ಮೋಟಾರಿನ ಎರಡು ತುದಿಗಳನ್ನು ಜೋಡಿಸಿದರೆ ಅದೇ ಬ್ರೇಕಿನಂತೆ ಹಿಡಿಯುತ್ತದಂತೆ. ಬೇರೆ ಬ್ರೇಕ್ ಬೇಕೇ? – ಓದುಗರೊಬ್ಬರು, ಮಡಿಕೇರಿ

ಉತ್ತರ: ಖಂಡಿತ ಬೇಕು. ಮೋಟಾರು ತಿರುಗುತ್ತಿರುವವರೆಗೆ ಮಾತ್ರ ಅದು ಜನರೇಟರಿನಂತೆ ವರ್ತಿಸಿ ತಡೆ ಒಡ್ಡುತ್ತದೆ. ವೇಗ ಇಳಿದಂತೆ ಆ ತಡೆಯೂ ಇಳಿಯುತ್ತದೆ, ಆದ್ದರಿಂದ ಇಳಿಜಾರಿನಲ್ಲಿ ಗಾಡಿಯನ್ನು ನಿಂತಲ್ಲೇ ಹಿಡಿದಿಡಲು ಅದರಿಂದ ಆಗದು. ಚೈನು ಕಳಚಿದರಂತೂ ಅದಷ್ಟೂ ಇಲ್ಲ. ಹಿಂದಿನ ಆಕ್ಸಲ್ಲಿಗೆ ಡಿಸ್ಕ್ ಅಥವಾ ಬ್ಯಾಂಡ್ ಬ್ರೇಕ್ ಹಾಕಿಸಿ, ಎಡಗಾಲಿಗೆ ಪೆಡಲ್ ಕೊಡಿ. ಕಂಟ್ರೋಲರಿನಿಂದ ಬರುವ ಬ್ರೇಕ್ ವೈರಿಗೆ ಆ ಪೆಡಲಿನಲ್ಲಿ ಒಂದು ಸಣ್ಣ ಮೈಕ್ರೋಸ್ವಿಚ್ ಸೇರಿಸಿದರೆ, ಗಾಬರಿಯಲ್ಲಿ ಮಗು ಎರಡೂ ಪೆಡಲನ್ನು ಒತ್ತಿದಾಗ ಕಂಟ್ರೋಲರ್ ಮೋಟಾರಿಗೆ ವಿದ್ಯುತ್ತು ಕೊಡುವುದನ್ನು ನಿಲ್ಲಿಸುತ್ತದೆ. ಇಷ್ಟೆಲ್ಲ ಇದ್ದರೂ, ಇಳಿಜಾರು ಸಾರ್ವಜನಿಕ ರಸ್ತೆಗೆ ಸೇರುವಂತಿದ್ದರೆ ಗಾಡಿಯನ್ನು ಅಲ್ಲಿ ಬಿಡಬೇಡಿ. ಸಮತಟ್ಟಾದ, ಗೇಟು ಹಾಕಿದ ಅಂಗಳದಲ್ಲೇ ಓಡಿಸಿ.